ಅರ್ಥವಾಯಿತು ಅನ್ನಿಸಿದ ಕೂಡಲೇ ಪುಸ್ತಕ ಮುಚ್ಚಿ
ಬಾಗಲೂರು ರಸ್ತೆಯ ವಿದ್ಯಾರ್ಥಿಗಳಿಗೆ ಹನ್ನೊಂದು ಸೂತ್ರಗಳು

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಬಂದು ಬಾಗಲೂರು ಕ್ರಾಸಿನಲ್ಲಿ ತಿರುಗಿ, ಕಟ್ಟಿಗೇನಹಳ್ಳಿ ದಾಟಿ ಬಾಗಲೂರಿನ ಕಡೆ ಹೊರಟರೆ ಕಣ್ಣಿಗೆ ಬೀಳುವುದು ಮುಖ್ಯವಾಗಿ ಎರಡು: ಲೇಔಟುಗಳು ಮತ್ತು ಓದಿಸುವ ಜಾಗಗಳು. ಲಕ್ಷಗಟ್ಟಲೆ ಫೀಸಿನ ಶಾಲೆಗಳ ಹಳದಿ ಬಸ್ಸು, ಹೆಂಚಿನ ಸರ್ಕಾರಿ ಶಾಲೆ, 2012ರಲ್ಲಿ ವಿಶ್ವವಿದ್ಯಾಲಯವಾದ ರೇವಾ, ಅದರ ಸುತ್ತ ಹಬ್ಬಿದ ಪಿಜಿಗಳು, ಪಿಜಿಗಳ ಕೆಳಗೆ ಜೆರಾಕ್ಸ್ ಅಂಗಡಿಗಳು. ಬಳ್ಳಾರಿ ರಸ್ತೆಯಲ್ಲೇ ಇನ್ನೊಂದಿಷ್ಟು ದೂರ ಹೋದರೆ ಹುಣಸಮಾರನಹಳ್ಳಿಯಲ್ಲಿ 1986ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಸರ್ ಎಂವಿಐಟಿ. ಇಲ್ಲಿ ಕಲಿಯುವ ಸಾಧನಗಳಿಗೆ ಬರವಿಲ್ಲ. ಪ್ರೊಜೆಕ್ಟರ್ ಇದೆ, ಸ್ಮಾರ್ಟ್ ಬೋರ್ಡ್ ಇದೆ, ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಪಿಡಿಎಫ್‌ಗಳ ರಾಶಿಯೇ ಇದೆ. ಆದರೂ ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಕೇಳುವ ಮಾತು ಒಂದೇ: ‘ಕ್ಲಾಸಲ್ಲಿ ಎಲ್ಲಾ ಅರ್ಥ ಆಗಿತ್ತು ಕಣೋ, ಈಗ ಬರೆಯೋಕೆ ಕೂತ್ರೆ ಏನೂ ಬರ್ತಿಲ್ಲ.’

ಈ ಸೂತ್ರಗಳೆಲ್ಲ ಆ ಮಾತಿನ ಸುತ್ತಲೇ ಸುತ್ತುತ್ತವೆ.

1. ಓದಿದ್ದನ್ನು ಮತ್ತೆ ಓದಬೇಡಿ, ನೆನಪಿಸಿಕೊಳ್ಳಿ

ಪಾಠ ಮುಗಿಯಿತೇ? ನೋಟ್ಸ್ ಮುಚ್ಚಿ, ಖಾಲಿ ಹಾಳೆ ತೆಗೆದು ನೆನಪಿದ್ದಷ್ಟನ್ನು ಬರೆಯಿರಿ. ಅರ್ಧಕ್ಕೇ ಕೈ ನಿಂತರೆ ಒಳ್ಳೆಯದೇ ಆಯಿತು, ಎಲ್ಲಿ ನಿಂತಿತೋ ಅಲ್ಲಿಂದ ಓದಬೇಕು ಎಂಬುದು ಗೊತ್ತಾಯಿತು.

ಇದು ಅಜ್ಜಿಯ ಬುದ್ಧಿಮಾತಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಗದ್ಯಭಾಗ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಉಳಿದವರು ಪುಟ ನೋಡದೆ ನೆನಪಿನಿಂದ ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು: ನೆನಪಿನಿಂದ ಬರೆದವರಿಗೆ ಸುಮಾರು ಶೇ 56ರಷ್ಟು ವಿಷಯ ಉಳಿದಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಬರೆಯುವವರು ಮೊದಲ ಫಲಿತಾಂಶವನ್ನಷ್ಟೇ ನೋಡುತ್ತಾರೆ. ಅದಕ್ಕೇ ‘ನನ್ನ ವಿಧಾನ ಸರಿಯಾಗೇ ಇದೆ’ ಎಂದು ಧೈರ್ಯವಾಗಿರುತ್ತಾರೆ. ಮುಂದಿನ ಸೆಮಿಸ್ಟರಿನ ಮೇಷ್ಟರು ‘ಇದು ಹಿಂದಿನ ಸೆಮ್‌ನಲ್ಲೇ ಆಗಿದೆಯಲ್ಲ’ ಅಂದಾಗ ಇಡೀ ಕ್ಲಾಸು ತಲೆ ತಗ್ಗಿಸುತ್ತದೆ.

ಇದಕ್ಕೆ ಜಾಗ ಬೇಕಿಲ್ಲ. ಯಲಹಂಕದಿಂದ ಹೊರಟ ಬಿಎಂಟಿಸಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಾಗ ಫೋನ್ ಜೇಬಿಗೆ ಹಾಕಿ, ಬೆಳಗಿನ ಮೊದಲ ಪೀರಿಯಡ್ಡಿನ ಐದು ಅಂಶ ಹೇಳಿಕೊಳ್ಳಿ. ಮೂರೇ ಬಂದರೆ ಉಳಿದೆರಡು ಯಾವುವು ಎಂದು ತಲೆ ತಾನೇ ಹುಡುಕತೊಡಗುತ್ತದೆ. ಸೀಟು ಸಿಗದಿದ್ದರೂ ನಡೆಯುವ ಓದು ಇದು.

2. ಸಲೀಸಾಗಿ ಹೋದ ಕ್ಲಾಸನ್ನು ಸ್ವಲ್ಪ ಅನುಮಾನಿಸಿ

ಒಬ್ಬ ಮೇಷ್ಟರು ಸೊಗಸಾಗಿ ಮಾತಾಡುತ್ತಾರೆ, ಸ್ಲೈಡುಗಳು ಚೆಂದ, ನಡುನಡುವೆ ಜೋಕು. ಇನ್ನೊಬ್ಬರು ಹತ್ತು ನಿಮಿಷ ಹೇಳಿ ಒಂದು ಪ್ರಶ್ನೆ ಹಾಕಿ ‘ಪಕ್ಕದವರ ಜೊತೆ ಸೇರಿ ಬಿಡಿಸಿ’ ಎಂದು ಸುಮ್ಮನಾಗುತ್ತಾರೆ. ಎರಡನೆಯವರ ಬಗ್ಗೆ ಕ್ಯಾಂಟೀನಿನಲ್ಲಿ ತೀರ್ಪು ಸಿದ್ಧ: ‘ಅವರೇನೂ ಪಾಠಾನೇ ಮಾಡಲ್ಲ.’

ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು ಈ ಎರಡೂ ಬಗೆಯನ್ನು ಹೋಲಿಸಿದರು. ಅದೇ ವಿಷಯ, ಕೈಗೆ ಕೊಟ್ಟದ್ದೂ ಅದೇ ಹಾಳೆಗಳು. 2019ರಲ್ಲಿ ಬಂದ ಅವರ ಫಲಿತಾಂಶ ನೋಡಿ: ತಾವೇ ಬಿಡಿಸಿದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ಕಡಿಮೆ ಕಲಿತೆವು ಎಂದೇ ಹೇಳಿದರು. ಸೊಗಸಾದ ಭಾಷಣ ಕೇಳಿದವರು ಕಲಿತದ್ದು ಕಡಿಮೆ, ಕಲಿತೆವು ಅಂದುಕೊಂಡದ್ದು ಹೆಚ್ಚು. ತಲೆಗೆ ಕೆಲಸ ಬಿದ್ದಾಗ ಆಗುವ ಕಿರಿಕಿರಿಯನ್ನು ನಾವು ‘ಅರ್ಥವಾಗುತ್ತಿಲ್ಲ’ ಎಂದು ತಪ್ಪಾಗಿ ಓದಿಕೊಳ್ಳುತ್ತೇವೆ.

ಹಾಗೆಂದು ಸುಮ್ಮನೆ ಗೊಂದಲ ಮಾಡಿ ಹೋಗುವ ಮೇಷ್ಟರೆಲ್ಲ ಮಹಾಗುರುಗಳೇನಲ್ಲ. ಎರಡನ್ನೂ ಬೇರ್ಪಡಿಸುವ ಬಗೆ ಸುಲಭ: ಸಂಜೆ ಒಂದನೇ ಸೂತ್ರ ಹಾಕಿ ನೋಡಿ. ಯಾರ ಪಾಠ ಹಾಳೆಯ ಮೇಲೆ ಬಂತೋ ಅವರು ಕಲಿಸಿದ್ದಾರೆ.

3. ನಲಿ-ಕಲಿ ಕೋಣೆಯಿಂದ ಕದಿಯಿರಿ

ಓದುವ ವ್ಯವಸ್ಥೆ ಹೇಗಿರಬೇಕು ಎಂದು ತಿಳಿಯಲು ಫಿನ್ಲೆಂಡಿಗೆ ಹೋಗಬೇಕಿಲ್ಲ. ನಿಮ್ಮ ಊರಿನ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಹೋಗಿ. ಮಕ್ಕಳು ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂತಿಲ್ಲ, ದುಂಡಗೆ ಗುಂಪು ಗುಂಪಾಗಿ ಕೂತಿದ್ದಾರೆ. ಒಂದು ಗುಂಪಿಗೆ ಮೇಡಂ ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದಕ್ಕೆ ಅಷ್ಟಿಷ್ಟು, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು, ಕೊನೆಯದರಲ್ಲಿ ತಾನೇ ತಾನಾಗಿ. ಗೋಡೆಯಲ್ಲಿ ಕಲಿಕಾ ಏಣಿ, ಅದರ ಮೆಟ್ಟಿಲುಗಳಲ್ಲಿ ಪ್ರಾಣಿ-ಪಕ್ಷಿಗಳ ಲೋಗೊ. ಅದೇ ಲೋಗೊ ಇರುವ ಕಾರ್ಡನ್ನು ಮಗುವೇ ಹೋಗಿ ಹುಡುಕಿ ತರುತ್ತದೆ. ಮೇಲೆ ಚಪ್ಪರದ ದಾರಗಳಲ್ಲಿ ಮಕ್ಕಳ ಚಿತ್ರಗಳು ತೂಗುತ್ತವೆ. ಕೆಳಗೆ, ಮಗುವಿನ ಕೈಗೆಟಕುವ ಎತ್ತರದಲ್ಲಿ ಗೋಡೆಹಲಗೆ, ಒಬ್ಬೊಬ್ಬರಿಗೆ ಒಂದೊಂದು ಭಾಗ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ಶಿಕ್ಷಕರೇ ಮುಂದೆ ನಿಂತು ಕಟ್ಟಿದ್ದು ಇದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ತಮ್ಮ ನೆಲಕ್ಕೆ ತಕ್ಕಂತೆ ರೂಪಿಸಿಕೊಂಡರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅಂದರೆ ಈಗ ಕಾಲೇಜಿಗೆ ಬಂದಿರುವ ಸರ್ಕಾರಿ ಶಾಲೆಯ ಹುಡುಗಿ ಬಹುಮಟ್ಟಿಗೆ ಇದೇ ಕೋಣೆಯಿಂದ ಬಂದವಳು. ಆರನೇ ವರ್ಷಕ್ಕೆ ಅವಳಿಗೆ ಗೊತ್ತಿದ್ದ ವಿದ್ಯೆಯನ್ನು ಹದಿನೆಂಟಕ್ಕೆ ಕಾಲೇಜಿನ ಬೆಂಚು ಮರೆಸುತ್ತಿದೆ.

ಏನು ಕದಿಯಬೇಕು? ಮೊದಲನೆಯದು ಏಣಿ. ನಲಿ-ಕಲಿಯಲ್ಲಿ ಮಗು ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡರೆ ಕ್ಲಾಸು ಎಲ್ಲಿದೆಯೋ ಅಲ್ಲಿಗೆ ಹಾರುವುದಿಲ್ಲ, ತಾನು ಬಿಟ್ಟ ಮೆಟ್ಟಿಲಿಗೇ ಬರುತ್ತದೆ. ಕಾಲೇಜಿನಲ್ಲಿ ಇದಕ್ಕೆ ಉಲ್ಟಾ. ಮೊದಲ ಯೂನಿಟ್ ತಪ್ಪಿದವರು ಮೂರನೆಯದಕ್ಕೆ ಬಂದು ಕೂತು, ‘ನನಗೆ ಮ್ಯಾಥ್ಸ್ ತಲೆಗೆ ಹೋಗಲ್ಲ’ ಎಂದು ತೀರ್ಮಾನಿಸುತ್ತಾರೆ. ಸಿಲಬಸ್ ಹಾಳೆಯನ್ನು ಮೆಟ್ಟಿಲುಗಳಾಗಿ ಒಡೆದು, ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ, ನೀವು ನಿಜವಾಗಿ ನಿಂತಿರುವ ಮೆಟ್ಟಿಲಿಗೆ ಗುರುತು ಹಾಕಿ. ಅದು ಪಿಯುಸಿಯ ತ್ರಿಕೋನಮಿತಿಯೇ ಆಗಿದ್ದರೆ ನಾಚಿಕೆ ಬೇಡ, ಅಲ್ಲಿಂದಲೇ ಹತ್ತಿ.

ಎರಡನೆಯದು ಗುಂಪು. ಬುದ್ಧಿವಂತರು, ದಡ್ಡರು ಎಂಬ ಕಾಯಂ ಸೀಟು ಅಲ್ಲಿಲ್ಲ. ಗಣಿತದಲ್ಲಿ ಸಹಾಯ ಬೇಕಾದ ಮಗು ಭಾಷೆಯಲ್ಲಿ ಸ್ವಕಲಿಕೆಯ ಗುಂಪಿನಲ್ಲಿ ಇರಬಹುದು. ನಿಮ್ಮ ಸ್ಟಡಿ ಗ್ರೂಪೂ ಹಾಗಿರಲಿ, ವಿಷಯ ಬದಲಾದಾಗ ಮೇಷ್ಟರೂ ಬದಲಾಗಲಿ.

ನಲಿ-ಕಲಿಗೂ ಕಷ್ಟಗಳಿವೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಶಿಕ್ಷಕಿ ಒಬ್ಬರೇ. ಕಾರ್ಡು ಹರಿದರೆ ಹೊಸದು ಬರುವುದು ಯಾವಾಗಲೋ. ಶಿಕ್ಷಕರು ಇದನ್ನು ಬಾಯಿಬಿಟ್ಟು ಹೇಳುತ್ತಲೇ ಇದ್ದಾರೆ. ಹಾಗಿದ್ದೂ, ಇಲಾಖೆಗಳು ಕಟ್ಟಿದ ಎಷ್ಟೋ ದುಬಾರಿ ಡಿಜಿಟಲ್ ಯೋಜನೆಗಳಿಗಿಂತ ರಟ್ಟಿನ ಕಾರ್ಡಿನ ಈ ಯೋಜನೆಯಲ್ಲಿ ತಲೆ ಹೆಚ್ಚು ಓಡಿದೆ ಎಂಬುದು ನನ್ನ ಅಭಿಪ್ರಾಯ.

4. ಸ್ಲೈಡಿನ ಫೋಟೊ ನೋಟ್ಸ್ ಅಲ್ಲ

ಫೋಟೊ ತೆಗೆದಾಗ ಪಾಠ ಗ್ಯಾಲರಿಗೆ ಹೋಯಿತು, ಅಷ್ಟೇ. ಪ್ರಿನ್ಸ್‌ಟನ್ನಿನಲ್ಲಿ ಮಾಡಿದ ಪ್ರಯೋಗವೊಂದರಲ್ಲಿ (2014) ಲ್ಯಾಪ್‌ಟಾಪಿನಲ್ಲಿ ಟೈಪಿಸಿದವರಿಗಿಂತ ಕೈಯಲ್ಲಿ ಬರೆದವರು ವಿಷಯವನ್ನು ಚೆನ್ನಾಗಿ ಗ್ರಹಿಸಿದ್ದರು. ಮುಂದೆ ಅದನ್ನು ಮರುಪರೀಕ್ಷಿಸಿದವರಿಗೆ ಅಷ್ಟು ಸ್ಪಷ್ಟ ಫಲಿತಾಂಶ ಸಿಗಲಿಲ್ಲ. ಹಾಗಾಗಿ ಪೆನ್ನಿಗೆ ಪೂಜೆ ಮಾಡಬೇಕಿಲ್ಲ. ಯಾವುದರಲ್ಲೇ ಬರೆದರೂ ಮೇಷ್ಟರ ವಾಕ್ಯ ಬಿಟ್ಟು ನಿಮ್ಮ ವಾಕ್ಯದಲ್ಲಿ ಬರೆಯಿರಿ. ಹೈಲೈಟರ್ ಇನ್ನೂ ಮೋಸ: ಪುಟವೆಲ್ಲ ಹಳದಿ, ತಲೆ ಖಾಲಿ.

5. ಮೊದಲು ಕನ್ನಡದಲ್ಲಿ ಬಿಡಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬರುವವರ ಮೊದಲ ಸೆಮಿಸ್ಟರು ವಿಷಯದ ಜೊತೆಗಲ್ಲ, ಇಂಗ್ಲಿಷಿನ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಆಗ ಸುಲಭದ ದಾರಿ ಬಾಯಿಪಾಠ. ಅದನ್ನು ಹಿಡಿಯಬೇಡಿ. ಇಂಗ್ಲಿಷ್ ಪ್ಯಾರಾ ಓದಿ ಪುಸ್ತಕ ಮುಚ್ಚಿ, ರೂಮ್‌ಮೇಟಿಗೆ ‘ಇಲ್ಲಿ ಆಗೋದು ಇಷ್ಟೇ ನೋಡು’ ಎಂದು ಆಡುಕನ್ನಡದಲ್ಲಿ ಹೇಳಿ. ಅದು ಬಂದರೆ ವಿಷಯ ನಿಮ್ಮದಾಯಿತು. ಆಮೇಲೆ ಬೇಕಾಗುವುದು ನೂರಿನ್ನೂರು ಇಂಗ್ಲಿಷ್ ಶಬ್ದ, ಚಿಕ್ಕ ಚಿಕ್ಕ ವಾಕ್ಯ. ಉತ್ತರಪತ್ರಿಕೆಯಲ್ಲಿ ಚಿತ್ರ, ಸಮೀಕರಣ, ನಾಲ್ಕು ನೇರ ವಾಕ್ಯ ಇದ್ದರೆ ವ್ಯಾಕರಣದ ತಪ್ಪಿಗೆ ಯಾರೂ ಫೇಲ್ ಮಾಡುವುದಿಲ್ಲ.

ಪ್ರಾದೇಶಿಕ ಭಾಷೆಗಳಲ್ಲೇ ಎಂಜಿನಿಯರಿಂಗ್ ಕಲಿಸಲು 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ದಾರಿ ತೆರೆಯಿತು. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಅದರ ಅನುವಾದ ಕೆಲವು ಕಡೆ ಗಟ್ಟಿ, ಕೆಲವು ಕಡೆ ಕಗ್ಗ. ಮೂಲದ ಜೊತೆ ಇಟ್ಟುಕೊಂಡು ಓದಿದರೆ ಉಪಯೋಗವಿದೆ.

6. ಎಐಯಿಂದ ಉತ್ತರ ಕೇಳಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಆಮೇಲೆ ಅಸೈನ್‌ಮೆಂಟುಗಳ ಇಂಗ್ಲಿಷು ಒಮ್ಮೆಲೇ ಸುಧಾರಿಸಿತು, ಇಂಟರ್ನಲ್ಸ್ ಅಂಕ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಮಾಮೂಲಿ ಚಾಟ್‌ಬಾಟ್ ಇಟ್ಟುಕೊಂಡು ಅಭ್ಯಾಸ ಮಾಡಿದವರ ಅಭ್ಯಾಸದ ಅಂಕ ಶೇ 48ರಷ್ಟು ಏರಿತು. ಚಾಟ್‌ಬಾಟ್ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ 17ರಷ್ಟು ಕೆಳಗೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ.

ಪಾಲಿಸಬೇಕಾದ ಕ್ರಮ ಇಷ್ಟು. ಮೊದಲು ಹದಿನೈದು ನಿಮಿಷ ನೀವೇ ಒದ್ದಾಡಿ. ಎಲ್ಲಿ ನಿಂತಿರೋ ಅದನ್ನು ಬರೆದು, ‘ಉತ್ತರ ಹೇಳಬೇಡ, ಮುಂದಿನ ಒಂದು ಹೆಜ್ಜೆಗೆ ಸುಳಿವು ಕೊಡು’ ಎಂದು ಕೇಳಿ. ಓದಿ ಮುಗಿಸಿದ ಮೇಲೆ ‘ಈ ಪಾಠದ ಮೇಲೆ ವೈವಾದಲ್ಲಿ ಕೇಳುವಂಥ ಐದು ಪ್ರಶ್ನೆ ಒಂದೊಂದಾಗಿ ಕೇಳು’ ಎನ್ನಿ. ಕನ್ನಡದಲ್ಲೇ ಕೇಳಿ, ಅದಕ್ಕೆ ಕನ್ನಡ ಬರುತ್ತದೆ. ಸುಳ್ಳನ್ನೂ ಅಷ್ಟೇ ಸಲೀಸಾಗಿ ಹೇಳುತ್ತದೆ, ಹಾಗಾಗಿ ಪಠ್ಯಪುಸ್ತಕ ಪಕ್ಕದಲ್ಲಿರಲಿ.

7. ಲ್ಯಾಬಿನಲ್ಲಿ 9.8 ಬರಿಸಬೇಡಿ

ಲೋಲಕದ ಪ್ರಯೋಗ ಎಲ್ಲರಿಗೂ ಗೊತ್ತು. ಒಂದು ಮೀಟರ್ ದಾರ ಕಟ್ಟಿ, ಗುಂಡು ತೂಗಿಬಿಟ್ಟು, 20 ಆಂದೋಲನಕ್ಕೆ ಸ್ಟಾಪ್‌ವಾಚ್ ಹಿಡಿದರೆ ಸುಮಾರು 40 ಸೆಕೆಂಡ್. ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಬೇಕು. ಬಹಳಷ್ಟು ರೆಕಾರ್ಡುಗಳಲ್ಲಿ ನಡೆಯುವುದೇ ಬೇರೆ: 9.8 ಬರುವುದು ಮೊದಲೇ ಗೊತ್ತು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ಸೆಕೆಂಡುಗಳನ್ನು ತುಂಬುವುದು. ಸೀನಿಯರ್ ರೆಕಾರ್ಡು ಸಿಕ್ಕರೆ ಅಷ್ಟೂ ಕಷ್ಟವಿಲ್ಲ.

9.4 ಬಂತೇ? 9.4 ಎಂದೇ ಬರೆಯಿರಿ. ಪಕ್ಕದಲ್ಲಿ ಏಕೆ ಎಂದು ಬರೆಯಿರಿ. ಉದ್ದವನ್ನು ಗುಂಡಿನ ನಡುಬಿಂದುವಿನವರೆಗೆ ಅಳೆಯದೆ ದಾರದ ಗಂಟಿಗೇ ನಿಲ್ಲಿಸಿದಿರಾ? ಹೌದಾದರೆ ಉದ್ದ ಕಡಿಮೆ ಸಿಕ್ಕಿ ಉತ್ತರವೂ ಇಳಿಯುತ್ತದೆ. ಗುಂಡನ್ನು ಬಿಟ್ಟಾಗಲೇ ‘ಒಂದು’ ಎಂದು ಎಣಿಸಿದಿರಾ? ಆಗ 20 ಎಂದುಕೊಂಡದ್ದು 19 ಆಗಿ, ಉತ್ತರ ಮೇಲಕ್ಕೆ ಹೋಗುತ್ತದೆ. ಎರಡು ತಪ್ಪು ಎರಡು ದಿಕ್ಕಿಗೆ ಎಳೆಯುತ್ತವೆ ಎಂದು ಒಮ್ಮೆ ಕೈಯಾರೆ ಕಂಡವರಿಗೆ ವೈವಾದ ಭಯವಿಲ್ಲ.

ಲ್ಯಾಬಿನ ಸಲಕರಣೆ ಸಾಲದಿದ್ದರೆ ಜೇಬಿನಲ್ಲೇ ಒಂದು ಲ್ಯಾಬಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಸೆನ್ಸರುಗಳನ್ನು ಅಳತೆಯ ಉಪಕರಣವಾಗಿಸುತ್ತದೆ. ಬಾಗಲೂರು ರಸ್ತೆಯ ಹಂಪುಗಳ ಮೇಲೆ ಬಸ್ಸು ಹಾರುವಾಗ ಫೋನನ್ನು ತೊಡೆಯ ಮೇಲಿಟ್ಟು ಗ್ರಾಫ್ ನೋಡಿ. ವೇಗೋತ್ಕರ್ಷ ಅಂದರೇನು ಎಂದು ಯಾವ ಸ್ಲೈಡೂ ಇಷ್ಟು ಚೆನ್ನಾಗಿ ಹೇಳಲಾರದು.

8. ‘ಡೌಟ್ ಇದೆಯಾ?’ ಎಂದಾಗ ಸುಮ್ಮನಿರಬೇಡಿ

ಅರುವತ್ತು ಜನರ ಮುಂದೆ ಬಾಯಿ ಬರುವುದಿಲ್ಲವೇ? ನೋಟ್ಸಿನ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿಡಿ. ಕ್ಲಾಸು ಮುಗಿದು ಮೇಷ್ಟರು ಸ್ಟಾಫ್ ರೂಮಿಗೆ ನಡೆಯುವ ಎರಡು ನಿಮಿಷ ನಿಮ್ಮದು. ‘ಸರ್, ಏನೂ ಅರ್ಥ ಆಗಲಿಲ್ಲ’ ಎನ್ನಬೇಡಿ. ‘ಎರಡನೇ ಸಾಲಿನಿಂದ ಮೂರನೆಯದಕ್ಕೆ ಹೇಗೆ ಬಂತು ಸರ್?’ ಎನ್ನಿ.

9. ಬರದಿದ್ದರೂ ಕಲಿಸಿ

ಇದೇ ಬಳ್ಳಾರಿ ರಸ್ತೆಯ ಆಚೆ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬಂದ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಲೇ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡವರು. ಬಡತನಕ್ಕೆ ಮಾಡಿದ ಕೆಲಸ ಅದು, ಆದರೆ ಕಲಿಸಲು ಕೂತವರಿಗೆ ತಮ್ಮ ಅರಿವಿನ ತೂತುಗಳು ಕಾಣುವಷ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ ಬಿಡಲಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ.

ನೀವು ನಡೆದು ಬರಬೇಕಿಲ್ಲ. ನಿಮ್ಮ ಪಿಜಿಯ ಜೂನಿಯರ್‌ಗೆ ವಾರಕ್ಕೊಂದು ಪಾಠ ಹೇಳಿ. ಅವನು ‘ಯಾಕೆ?’ ಎಂದು ಮೂರು ಸಲ ಕೇಳುವವನಾಗಿದ್ದರೆ ನಿಮ್ಮ ಅದೃಷ್ಟ.

10. ದೇಶ ಸುತ್ತಲು ಹೆಬ್ಬಾಳದವರೆಗೆ ಹೋದರೆ ಸಾಕು

ಬಾಗಲೂರಿನಿಂದ ಒಂದು ಬಸ್ಸಿನ ದೂರದಲ್ಲಿ ಏನೇನಿದೆ ಎಂದು ಇಲ್ಲೇ ನಾಲ್ಕು ವರ್ಷ ಓದಿದವರಿಗೂ ಗೊತ್ತಿರುವುದಿಲ್ಲ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ, 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತಾರೆ. ದೇಶದ ಮೂಲೆ ಮೂಲೆಯಿಂದ ಅರ್ಜಿ ಬರುತ್ತವೆ, ಪಕ್ಕದ ರಸ್ತೆಯವರು ಹಾಕುವುದಿಲ್ಲ. ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯ, ಅದರೊಳಗೇ ಜೀವವಿಜ್ಞಾನದ ಎನ್‌ಸಿಬಿಎಸ್. ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಬರುವ ರೈತರು ಸ್ಟಾಲಿನವರನ್ನು ಪ್ರಶ್ನೆ ಕೇಳುವ ರೀತಿ ನೋಡಿ ಬನ್ನಿ, ಎಂಟನೇ ಸೂತ್ರಕ್ಕೆ ಅವರೇ ಮಾದರಿ. ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನದ ಐಸಿಟಿಎಸ್ ಇದೆ, ಅದು ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ದಿನ ಇಡೀ ಆವರಣವೇ ಜನರಿಗೆ ತೆರೆದಿರುತ್ತದೆ. ಯಾವುದಕ್ಕೂ ರೆಸ್ಯೂಮೆಯಲ್ಲಿ ಜಾಗ ಸಿಗದೇ ಇರಬಹುದು. ಆದರೂ ಹೋಗಿ.

11. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ‘ಸೂಪರ್’ ಎಂದು ಬರೆಯಬೇಡಿ

ಸೆಮಿಸ್ಟರ್ ಕೊನೆಗೆ ಬರುವ ಫಾರ್ಮನ್ನು ಲೈಬ್ರರಿಯ ಬಾಗಿಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಐದಕ್ಕೆ ಐದು ಒತ್ತಿ ಮುಗಿಸುವುದು ರೂಢಿ. ಕೋಪವಿದ್ದರೆ ಐದಕ್ಕೆ ಒಂದು. ಎರಡರಿಂದಲೂ ಮೇಷ್ಟರಿಗೆ ತಿಳಿಯುವುದು ಏನೂ ಇಲ್ಲ. ‘ಮೂರನೇ ಯೂನಿಟ್ಟಿನ ಲೆಕ್ಕಗಳನ್ನು ಬೋರ್ಡಿನ ಮೇಲೆ ಸಾಲುಸಾಲಾಗಿ ಮಾಡಿದಾಗ ತಿಳಿಯಿತು, ನಾಲ್ಕನೆಯದನ್ನು ಸ್ಲೈಡಿನಲ್ಲಿ ತೋರಿಸಿದಾಗ ಮನೆಗೆ ಹೋಗಿ ಮಾಡಲು ಬರಲಿಲ್ಲ’ ಎಂದು ಬರೆದರೆ ಅವರು ಏನಾದರೂ ಮಾಡಬಲ್ಲರು. ಅದನ್ನೂ ಸೆಮಿಸ್ಟರ್ ಕೊನೆಯವರೆಗೆ ಇಟ್ಟುಕೊಳ್ಳಬೇಡಿ, ಆಗ ಲಾಭವಾಗುವುದು ಮುಂದಿನ ಬ್ಯಾಚಿಗೆ. ಮೊದಲ ಇಂಟರ್ನಲ್ಸ್ ಪೇಪರ್ ಕೈಗೆ ಬಂದ ವಾರವೇ ಕ್ಲಾಸ್ ರೆಪ್ ಜೊತೆ ಇಬ್ಬರು, ಯಾವ ಪ್ರಶ್ನೆಗೆ ಹೆಚ್ಚಿನವರು ಅಂಕ ಕಳೆದುಕೊಂಡರು ಎಂದು ಎಣಿಸಿಕೊಂಡು ಹೋಗಿ ಹೇಳಿ. ‘ಮತ್ತೆ ಪಾಠ ಮಾಡಿ ಸರ್’ ಎನ್ನುವುದಕ್ಕಿಂತ ‘ಆ ಬಗೆಯ ಲೆಕ್ಕ ಒಂದನ್ನು ಕ್ಲಾಸಿನಲ್ಲೇ ನಮ್ಮ ಕೈಯಲ್ಲಿ ಬಿಡಿಸಿ, ಎಲ್ಲಿ ತಪ್ಪುತ್ತೇವೆ ನೋಡಿ ಸರ್’ ಎಂದರೆ ಒಪ್ಪದ ಮೇಷ್ಟರು ಅಪರೂಪ.